ವಸಂತದಲ್ಲಿ ನದಿಗಿಳಿಸೋಕೆ ಯಾವ ದೋಣಿ: ಮರದ್ದೋ, ಫೈಬರ್‌ದೋ, ಅಲ್ಯೂಮಿನಿಯಂದೋ?

ಹಿಮ ಕರಗಿ ದೊಡ್ಡ ನದಿ ತುಂಬಿ ಹರಿಯುವ ಹೊತ್ತು. ದಡದ ತುಂಬ ಟಾರ್ಪಾಲ್ ಬಿಚ್ಚುವ ಸದ್ದು, ಹೊಸ ಬಣ್ಣದ ವಾಸನೆ. ದೋಣಿ ಕೊಳ್ಳುವ ಮುಂಚೆ ಒಂದು ಲೆಕ್ಕ ಹಾಕಿ: ಪ್ರತಿ ವಸಂತದಲ್ಲಿ ಎಷ್ಟು ದಿನ ಮೈಮುರಿದು ದುಡಿಯೋಕೆ ತಯಾರಿದ್ದೀರಿ?

ಮರದ ದೋಣಿ ಜಾಸ್ತಿ ದಿನ ಕೇಳುತ್ತದೆ. ಚಳಿಗಾಲವೆಲ್ಲ ದಡದಲ್ಲಿ ಒಣಗಿ ಹಲಗೆಗಳು ಕುಗ್ಗಿರುತ್ತವೆ. ಸಂದುಗಳಲ್ಲಿ ಸಡಿಲವಾದ ಹತ್ತಿ ತೆಗೆದು ಹೊಸದು ತುರುಕಬೇಕು, ಮೇಲೆ ಬಣ್ಣ ಬಳಿಯಬೇಕು. ಚಾಕುವಿನ ಮೊನೆ ಒತ್ತಿ ನೋಡಿ. ಸಲೀಸಾಗಿ ಒಳಗೆ ಹೋದರೆ ಆ ಹಲಗೆ ಕೊಳೆತಿದೆ. ಇಳಿಸಿದ ದಿನ ಸ್ವಲ್ಪ ಸೋರಿದರೆ ಗಾಬರಿ ಬೇಡ. ಮರ ನೀರು ಕುಡಿದು ಉಬ್ಬಿದ ಹಾಗೆ ಸಂದು ಮುಚ್ಚಿಕೊಳ್ಳುತ್ತದೆ. ಅಲ್ಲಿಯವರೆಗೆ ಪಂಪ್ ಪಕ್ಕದಲ್ಲೇ ಇರಲಿ.

ಫೈಬರ್ ದೋಣಿ ಸೋಮಾರಿಗಳ ಸ್ನೇಹಿತ. ತೊಳೆದು ಪಾಲಿಶ್ ಹಾಕಿದರೆ ಮುಕ್ಕಾಲು ಕೆಲಸ ಮುಗಿಯಿತು. ತಳಕ್ಕೆ ಕೈಯಾಡಿಸಿ, ಗುಳ್ಳೆಗಳು ಸಿಕ್ಕರೆ ಒಳಗೆ ನೀರು ಸೇರಿರಬಹುದು.

ಅಲ್ಯೂಮಿನಿಯಂ ಹಗುರ. ಆದರೆ ತಗಡುಗಳನ್ನು ಜೋಡಿಸುವ ರಿವೆಟ್‌ಗಳ ಹತ್ತಿರ ಸೋರಬಹುದು. ತಾಮ್ರ ಬೆರೆಸಿದ ಬಣ್ಣವನ್ನಂತೂ ತಳಕ್ಕೆ ಹಚ್ಚಲೇಬೇಡಿ, ಅದು ಲೋಹವನ್ನೇ ತಿನ್ನುತ್ತದೆ.

ವಸಂತದ ಪ್ರವಾಹದಲ್ಲಿ ಮರದ ದಿಮ್ಮಿಗಳು ತೇಲಿ ಬರುತ್ತವೆ ಅಲ್ವಾ? ಬಡಿದರೆ ಫೈಬರ್ ಬಿರುಕು ಬಿಡಬಹುದು, ಅಲ್ಯೂಮಿನಿಯಂ ಹೆಚ್ಚಾಗಿ ನೆಗ್ಗುತ್ತದೆ ಅಷ್ಟೇ. ಬೇಗ ನೀರಿಗಿಳಿಯುವ ಆತುರ ಇದ್ದವರಿಗೆ ನಾನು ಅಲ್ಯೂಮಿನಿಯಂ ದೋಣಿಯನ್ನೇ ಹೇಳುವುದು. ದಡದ ಕೆಲಸದಲ್ಲೇ ಖುಷಿ ಕಾಣುವವರು ಮರದ್ದು ತಗೊಳ್ಳಿ.

ಯಾವುದೇ ಇರಲಿ, ನೀರು ಬಸಿಯುವ ತೂತಿಗೆ ಬಿರಡೆ ಹಾಕಿದ್ದೀರಾ ನೋಡಿ. ನಾನು ಒಮ್ಮೆ ಮರೆತಿದ್ದೆ. ಕಾಲ್ಚೀಲ ಒದ್ದೆಯಾದ ಮೇಲೇ ಗೊತ್ತಾಗಿದ್ದು.