"ಬ್ಯಾಕಪ್ ಓಕೆ" ಅಂತ ಬರೆದ ಹಾಳೆಗೆ ಸೈನ್ ಹಾಕಬೇಡಿ, ಮೊದಲು ತೆಗೆದು ತೋರಿಸಿ ಅನ್ನಿ

ನಮ್ಮ ಅಂಗಡಿಯ ಲೆಕ್ಕವೆಲ್ಲ ಹೋಗುವ ಹಾಗೆ ಮಾಡಿದ ಮೈಸೂರಿನ ಕಂಪ್ಯೂಟರ್ ಸರ್ವಿಸ್‌ನವರು ಈಗ ಮದ್ದೂರಿನಲ್ಲಿ ನನ್ನ ಪರಿಚಯದವರ ಅಂಗಡಿಗೆ ಎಎಂಸಿ (ವರ್ಷದ ನಿರ್ವಹಣೆ ಗುತ್ತಿಗೆ) ಕೊಟೇಷನ್ ಕೊಟ್ಟಿದ್ದಾರಂತೆ. ನಿನ್ನೆ ಫೋನಿನಲ್ಲಿ ಗೊತ್ತಾಯಿತು. ರಾತ್ರಿ ನಿದ್ದೆ ಬರಲಿಲ್ಲ. ಇಷ್ಟು ದಿನ ನಾಚಿಕೆಯಿಂದ ಸುಮ್ಮನಿದ್ದೆ. ಇನ್ನೂ ಸುಮ್ಮನಿದ್ದರೆ ತಪ್ಪಾಗುತ್ತದೆ.

ನಮ್ಮದು ಮಂಡ್ಯ ನೂರಡಿ ರಸ್ತೆ ಹತ್ತಿರ ಪಂಪ್‌ಸೆಟ್, ಪೈಪು, ಫಿಟಿಂಗ್ಸ್ ಹೋಲ್‌ಸೇಲ್ ಅಂಗಡಿ. ಐದು ಕಂಪ್ಯೂಟರ್, ಒಂದು ಸರ್ವರ್. ಲೆಕ್ಕ ಬರೆಯುವ ಸಾಫ್ಟ್‌ವೇರ್ ಟ್ಯಾಲಿ ಇರುವುದು ಆ ಸರ್ವರ್‌ನಲ್ಲೇ. ಮಳವಳ್ಳಿ, ಪಾಂಡವಪುರ, ಕೆ.ಆರ್. ಪೇಟೆ ಕಡೆಯ ಅಂಗಡಿಯವರು ನಮ್ಮಲ್ಲಿ ಮಾಲು ಎತ್ತುತ್ತಾರೆ. ರೈತರೂ ನೇರವಾಗಿ ಬರುತ್ತಾರೆ. ರೈತರ ಬಾಕಿ ಹೇಗಿರುತ್ತದೆ ಅಂತ ಈ ಕಡೆಯವರಿಗೆ ಹೇಳಬೇಕಿಲ್ಲ. ಮೋಟಾರು ಇವತ್ತು, ದುಡ್ಡು ಕಬ್ಬಿನ ಬಿಲ್ಲು ಬಂದ ಮೇಲೆ. ಆ ಲೆಕ್ಕವೆಲ್ಲ ಟ್ಯಾಲಿಯಲ್ಲೇ.

2022ರ ಫೆಬ್ರವರಿಯಲ್ಲಿ ಇವರಿಗೆ ಎಎಂಸಿ ಕೊಟ್ಟೆ. ವರ್ಷಕ್ಕೆ 48,000, ಅದರ ಮೇಲೆ ಜಿಎಸ್‌ಟಿ. ತಿಂಗಳಿಗೊಮ್ಮೆ ಒಬ್ಬ ಹುಡುಗ ಬರುತ್ತಿದ್ದ. ಧೂಳು ಹೊಡೆಯುತ್ತಿದ್ದ, ಅಪ್‌ಡೇಟ್ ಹಾಕುತ್ತಿದ್ದ, ಸರ್ವಿಸ್ ರಿಪೋರ್ಟ್ ಮುಂದೆ ಹಿಡಿಯುತ್ತಿದ್ದ. ಅದರಲ್ಲಿ ಒಂದು ಸಾಲು: "ಬ್ಯಾಕಪ್ ಚೆಕ್ಡ್, ಓಕೆ". ಅಂದರೆ ಲೆಕ್ಕದ ಇನ್ನೊಂದು ಕಾಪಿ ಸರಿಯಾಗಿದೆ ಅಂತ. ನಾನು ಗಿರಾಕಿ ಜೊತೆ ಮಾತಾಡುತ್ತಲೇ ಸೈನ್ ಹಾಕುತ್ತಿದ್ದೆ. ಪ್ರತಿ ತಿಂಗಳೂ.

2024ರ ಸೆಪ್ಟೆಂಬರ್ 9, ಸೋಮವಾರ. ಗೌರಿ ಗಣೇಶ ಹಬ್ಬಕ್ಕೆ ಮೂರು ದಿನ ಬಾಗಿಲು ಹಾಕಿದ್ದೆವು. ಬೆಳಿಗ್ಗೆ ಬಂದರೆ ಟ್ಯಾಲಿ ತೆರೆಯುತ್ತಿಲ್ಲ. ಪ್ರತಿ ಫೈಲಿನ ಹೆಸರಿನ ಕೊನೆಗೂ ಅರ್ಥವಿಲ್ಲದ ಅಕ್ಷರಗಳು. ಡೆಸ್ಕ್‌ಟಾಪ್ ಮೇಲೆ ಇಂಗ್ಲಿಷಿನಲ್ಲಿ ಒಂದು ಚೀಟಿ. ನಿಮ್ಮ ಫೈಲುಗಳಿಗೆಲ್ಲ ಬೀಗ ಹಾಕಿದ್ದೇವೆ, ಬಿಟ್‌ಕಾಯಿನ್ ಕೊಟ್ಟರೆ ಬಿಚ್ಚಿಕೊಡುತ್ತೇವೆ ಅಂತ. ರ‍್ಯಾನ್ಸಮ್‌ವೇರ್. 11ನೇ ತಾರೀಖಿಗೆ ಜಿಎಸ್‌ಟಿಆರ್-1, ಅಂದರೆ ಮಾರಾಟದ ಜಿಎಸ್‌ಟಿ ರಿಟರ್ನ್ ಹಾಕಬೇಕು. ಆದರೂ ನಾನು ಹೆದರಲಿಲ್ಲ. ಬ್ಯಾಕಪ್ ಇದೆಯಲ್ಲ ಅನ್ನುವ ಧೈರ್ಯ. "ಮಧ್ಯಾಹ್ನದೊಳಗೆ ಸರಿಯಾಗುತ್ತೆ, ಅಲ್ಲೀವರೆಗೆ ಕೈಯಲ್ಲಿ ಬಿಲ್ ಬರೀರಿ" ಅಂತ ಹುಡುಗರಿಗೆ ಎಲ್ಲರೆದುರು ಹೇಳಿದೆ. ಆ ಮಾತು ನೆನೆಸಿಕೊಂಡರೆ ಈಗಲೂ ಮುಖ ಬಿಸಿಯಾಗುತ್ತದೆ.

ಸರ್ವಿಸ್ ಹುಡುಗ ಬಂದ. ಸರ್ವರ್ ನೋಡಿದ. ಪಕ್ಕದಲ್ಲಿದ್ದ ಎಕ್ಸ್‌ಟರ್ನಲ್ ಡಿಸ್ಕ್ ನೋಡಿದ. ನನ್ನ ಮುಖ ನೋಡಲಿಲ್ಲ. ಹೊರಗೆ ಹೋಗಿ ಯಾರಿಗೋ ಫೋನ್ ಮಾಡಿದ. ಆಗ ಎದೆ ಧಸಕ್ಕೆಂದಿತು.

ಬ್ಯಾಕಪ್ ಡಿಸ್ಕಿಗೂ ಬೀಗ ಬಿದ್ದಿತ್ತು. ಯಾಕೆಂದರೆ ಅದು ಹಗಲು ರಾತ್ರಿ ಸರ್ವರ್‌ಗೇ ಸಿಕ್ಕಿಸಿಕೊಂಡಿತ್ತು. ಸರ್ವರ್‌ಗೆ ಬಂದಿದ್ದು ಅದಕ್ಕೂ ಬರುತ್ತದೆ. ಇದಕ್ಕಿಂತ ಕೆಟ್ಟದ್ದು ಇನ್ನೊಂದಿದೆ. ಬೀಗ ಬಿದ್ದರೂ ಫೈಲಿನ ಹೆಸರಿನಲ್ಲಿ ತಾರೀಖು ಉಳಿದಿತ್ತು. ಕೊನೆಯ ಬ್ಯಾಕಪ್ 2023ರ ಜುಲೈನದ್ದು. ಡಿಸ್ಕ್ ತುಂಬಿ ಹದಿನಾಲ್ಕು ತಿಂಗಳ ಹಿಂದೆಯೇ ಬ್ಯಾಕಪ್ ನಿಂತಿದೆ! ಎರರ್ ಮೇಲ್ ಹೋಗುತ್ತಿದ್ದದ್ದು ಅವರ ಐಡಿಗೆ. ಯಾರೂ ತೆಗೆದು ನೋಡಿಲ್ಲ. ಡಿಸ್ಕಿನ ಲೈಟ್ ಉರಿಯುತ್ತಿದೆಯಾ ಅಂತ ನೋಡಿ ಟಿಕ್ ಹಾಕಿಕೊಂಡು ಹೋಗಿದ್ದಾರೆ, ಅಷ್ಟೇ.

ಅವರ ಓನರ್‌ಗೆ ಫೋನ್ ಮಾಡಿದೆ.

"ಸಾರ್, ಇದು ವೈರಸ್ ಅಟ್ಯಾಕ್. ಎಎಂಸಿಯಲ್ಲಿ ಕವರ್ ಆಗಲ್ಲ."

"ರೈಡ್ (RAID) ಹಾಕಿದ್ದೀವಿ, ಎರಡು ಡಿಸ್ಕ್ ಇದೆ, ಡೇಟಾ ಎಲ್ಲೂ ಹೋಗಲ್ಲ ಅಂದಿದ್ರಲ್ಲ?"

"ಅದು ಒಂದು ಡಿಸ್ಕ್ ಕೆಟ್ಟರೆ ಮಾತ್ರ ಸಾರ್. ಒಂದರಲ್ಲಿ ಬರೆದಿದ್ದೇ ಇನ್ನೊಂದರಲ್ಲೂ ಬರೆಯುತ್ತೆ. ವೈರಸ್ ಬಂದ್ರೆ ಎರಡೂ ಹೋಗುತ್ತೆ."

ಮಾರುವಾಗ ಈ ಮಾತು ಯಾಕೆ ಬಾಯಿಂದ ಬರಲಿಲ್ಲ?

"ಹೋಗಲಿ, ಬ್ಯಾಕಪ್ ಯಾಕೆ ನಿಂತಿತ್ತು?"

"ಪ್ರತಿ ತಿಂಗಳೂ ರಿಪೋರ್ಟ್ ಕೊಟ್ಟಿದ್ದೀವಿ ಸಾರ್. ನೀವೇ ಸೈನ್ ಹಾಕಿದ್ದೀರಲ್ಲ."

ಹತ್ತು ನಿಮಿಷದಲ್ಲಿ ವಾಟ್ಸಾಪಿಗೆ ಫೋಟೋ ಬರತೊಡಗಿದವು. ಒಂದಾದ ಮೇಲೊಂದು. ಒಟ್ಟು 31 ಹಾಳೆ. ಎಲ್ಲದರಲ್ಲೂ ನನ್ನ ಸೈನ್, ನಮ್ಮ ಅಂಗಡಿ ಸೀಲು. ಬ್ಯಾಕಪ್ ನಿಂತ ಮೇಲಿನವೇ 13. ಬ್ಯಾಕಪ್ ಸರಿಯಾಗಿಟ್ಟುಕೊಳ್ಳಲು ಗೊತ್ತಿಲ್ಲದವರು ನನ್ನ ಸೈನ್ ಮಾತ್ರ ಎಷ್ಟು ಜೋಪಾನವಾಗಿ ಇಟ್ಟುಕೊಂಡಿದ್ದಾರೆ ನೋಡಿ. ಆ ಹಾಳೆ ನನಗಾಗಿ ಅಲ್ಲ, ಅವರಿಗಾಗಿ. ಅದು ಆವತ್ತು ಗೊತ್ತಾಯಿತು.

ಆಮೇಲೆ ದನಿ ಮೆತ್ತಗಾಯಿತು. "ನಮಗೆ ಗೊತ್ತಿರೋ ರಿಕವರಿ ಪಾರ್ಟಿ ಇದ್ದಾರೆ ಸಾರ್, 1.8 ಲಕ್ಷ ಆಗುತ್ತೆ, ಅರ್ಧ ಅಡ್ವಾನ್ಸ್." ಬೇಡ ಅಂದೆ. "ಹಾಗಾದ್ರೆ ಈಗಲೇ ಫಾರ್ಮ್ಯಾಟ್ ಮಾಡಿ ಹೊಸದಾಗಿ ಹಾಕಿಬಿಡ್ತೀವಿ." ಇಷ್ಟೊಂದು ಅವಸರ ಯಾಕೆ ಅನ್ನಿಸಿತು. ನಮ್ಮ ಅಕ್ಕನ ಮಗ ಬೆಂಗಳೂರಿನಲ್ಲಿ ಇದೇ ಕೆಲಸದಲ್ಲಿದ್ದಾನೆ. "ಮಾವ, ಏನೂ ಮುಟ್ಟೋಕೆ ಬಿಡಬೇಡಿ, ನೆಟ್ ಕೇಬಲ್ ಕಿತ್ತುಬಿಡಿ" ಅಂದ. ರಾತ್ರಿಯೇ ಬಂದ.

ಅವನು ಸರ್ವರ್‌ಗೆ ಯಾರು ಯಾವಾಗ ಬಂದರು ಅಂತ ದಾಖಲಾಗುವ ಲಾಗ್ ತೆಗೆದು ತೋರಿಸಿದ. ಗಣೇಶ ಹಬ್ಬದ ರಾತ್ರಿ ಎರಡು ಗಂಟೆಗೆ ಹೊರದೇಶದ ಐಪಿ (ಇಂಟರ್ನೆಟ್ ವಿಳಾಸ) ಇಂದ ಯಾರೋ ಸರ್ವರ್‌ಗೆ ಲಾಗಿನ್ ಆಗಿದ್ದಾರೆ. ಮೈಸೂರಿಂದ ಓಡಾಡುವುದು ತಪ್ಪಲಿ ಅಂತ ಈ ಸರ್ವಿಸ್‌ನವರು ದೂರದಿಂದಲೇ ಸರ್ವರ್ ನಡೆಸುವ ರಿಮೋಟ್ ಡೆಸ್ಕ್‌ಟಾಪ್‌ನ ಬಾಗಿಲು, 3389 ಪೋರ್ಟನ್ನು ನೇರ ಇಂಟರ್ನೆಟ್ಟಿಗೆ ತೆರೆದಿಟ್ಟಿದ್ದರು. ಪಾಸ್‌ವರ್ಡ್ ನಮ್ಮ ಅಂಗಡಿ ಹೆಸರು, ಮುಂದೆ 123. ಇಟ್ಟವರು ಅವರೇ. ನನಗೆ ಪಾಸ್‌ವರ್ಡ್ ಕೊಟ್ಟೇ ಇರಲಿಲ್ಲ, "ಸೆಕ್ಯೂರಿಟಿಗೆ ಒಳ್ಳೆಯದಲ್ಲ ಸಾರ್" ಅಂದಿದ್ದರು.

ಇಂಥದ್ದು ಗೊತ್ತಾದ 6 ಗಂಟೆಯೊಳಗೆ ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್‌ಗೆ ತಿಳಿಸಬೇಕು, ಲಾಗ್‌ಗಳನ್ನು 180 ದಿನ ಇಟ್ಟುಕೊಳ್ಳಬೇಕು ಅಂತ 2022ರ ಏಪ್ರಿಲ್‌ನಿಂದಲೇ ಆದೇಶ ಇದೆ. ಇದೇ ವ್ಯಾಪಾರ ಮಾಡುವವರಿಗೆ ಗೊತ್ತಿರಬೇಕಲ್ವಾ? ಅವರು ಹೇಳಿದ್ದು ಫಾರ್ಮ್ಯಾಟ್ ಮಾಡೋಣ ಅಂತ. ಮಾಡಿಸಿದ್ದರೆ ಒಂದು ಸಾಕ್ಷಿಯೂ ಉಳಿಯುತ್ತಿರಲಿಲ್ಲ. ನೋ ಮೋರ್ ರ‍್ಯಾನ್ಸಮ್ ಅನ್ನುವ ಸೈಟಿನಲ್ಲಿ ಕೆಲವು ಬೀಗಗಳಿಗೆ ಕೀಲಿ ಪುಕ್ಕಟೆ ಸಿಗುತ್ತದೆ. ಹುಡುಕಿದೆವು. ನಮ್ಮದಕ್ಕೆ ಇರಲಿಲ್ಲ.

ನಮ್ಮನ್ನು ಉಳಿಸಿದ್ದು ಆಡಿಟರ್. ವರ್ಷದ ಲೆಕ್ಕಕ್ಕೆ ಅಂತ ಪೆನ್‌ಡ್ರೈವ್‌ನಲ್ಲಿ ತೆಗೆದುಕೊಂಡು ಹೋಗಿದ್ದ ಟ್ಯಾಲಿ ಕಾಪಿ ಅವರ ಹತ್ತಿರ ಇತ್ತು, ಮಾರ್ಚ್ 31ರವರೆಗೆ. ಏಪ್ರಿಲ್‌ನಿಂದ ಜುಲೈವರೆಗೆ ಅಂಗಡಿಯವರಿಗೆ ಹಾಕಿದ ಬಿಲ್ಲು ಜಿಎಸ್‌ಟಿ ಪೋರ್ಟಲಿನಲ್ಲಿ ಸಿಕ್ಕಿತು. ಖರೀದಿಯದ್ದು ಅದೇ ಪೋರ್ಟಲಿನ 2ಬಿ ಪಟ್ಟಿಯಲ್ಲಿ ಸಿಕ್ಕಿತು. ಆದರೆ ಯಾರು ಎಷ್ಟು ಕೊಟ್ಟರು, ಎಷ್ಟು ಬಾಕಿ ಅನ್ನುವುದು ಯಾವ ಪೋರ್ಟಲಿನಲ್ಲೂ ಇರಲ್ಲ. ಜಿಎಸ್‌ಟಿ ನಂಬರ್ ಇಲ್ಲದ ರೈತರ ಹೆಸರೂ ಅಲ್ಲಿರಲ್ಲ, ಬರೀ ಮೊತ್ತ ಇರುತ್ತದೆ. ಐದು ತಿಂಗಳ ಬಾಕಿ ಹೋಯಿತು. "ನಿಮ್ಮದು ಎಷ್ಟಿತ್ತು?" ಅಂತ ನಾನೇ ಒಬ್ಬೊಬ್ಬರಿಗೆ ಫೋನ್ ಮಾಡಿ ಕೇಳಿದೆ. ವ್ಯಾಪಾರಸ್ಥನಿಗೆ ಇದಕ್ಕಿಂತ ಅವಮಾನ ಇಲ್ಲ. ಕೆರಗೋಡು ಕಡೆಯ ಒಬ್ಬ ಅಜ್ಜ ತಾವೇ ಬಂದು "ನಂದು ಹದಿನೆಂಟು ಸಾವಿರ ಐತೆ, ಬರ್ಕೋ ಮಗ" ಅಂದರು. ಕಣ್ಣಲ್ಲಿ ನೀರು ಬಂತು. ಎಲ್ಲರೂ ಹಾಗಿರಲಿಲ್ಲ.

ಸೈಬರ್ ಅಪರಾಧ ನೋಡುವ ಸೆನ್ ಪೊಲೀಸ್ ಠಾಣೆಯಲ್ಲಿ ದೂರು ಕೊಟ್ಟಿದ್ದೇನೆ. ಎಎಂಸಿ ನಿಲ್ಲಿಸುತ್ತೇನೆ ಅಂದಾಗ ಇನ್ನೊಂದು ಹೊರಬಿತ್ತು. ನಮ್ಮ ವೆಬ್‌ಸೈಟ್ ಡೊಮೇನ್ (ಸೈಟಿನ ವಿಳಾಸ) ಕೂಡ ಅವರ ಹೆಸರಿನಲ್ಲೇ ರಿಜಿಸ್ಟರ್ ಆಗಿತ್ತು. "ಪೆಂಡಿಂಗ್ ಕ್ಲಿಯರ್ ಮಾಡಿ ಸಾರ್, ಟ್ರಾನ್ಸ್‌ಫರ್ ಮಾಡ್ತೀವಿ." ಯಾವ ಪೆಂಡಿಂಗ್? ಆವತ್ತು ಹುಡುಗ ಬಂದು ಹೋದ ವಿಸಿಟ್ ಚಾರ್ಜ್!

ದಯವಿಟ್ಟು ಕೇಳಿ. ಸೈನ್ ಹಾಕುವ ಮುಂಚೆ ಹೋದ ವಾರದ ಒಂದು ಬಿಲ್ಲು ಹೇಳಿ, ಅದನ್ನು ಬ್ಯಾಕಪ್‌ನಿಂದ ಬೇರೆ ಕಂಪ್ಯೂಟರಿನಲ್ಲಿ ತೆಗೆಸಿ ನೋಡಿ. ತೆಗೆಯಲಿಲ್ಲವಾ, ಸೈನ್ ಇಲ್ಲ, ದುಡ್ಡೂ ಇಲ್ಲ. ಎರಡು ಡಿಸ್ಕ್ ಇಟ್ಟುಕೊಳ್ಳಿ, ಒಂದು ಯಾವಾಗಲೂ ಸರ್ವರ್‌ನಿಂದ ಕಿತ್ತು ಮನೆಯಲ್ಲಿರಲಿ. ಅಡ್ಮಿನ್ ಪಾಸ್‌ವರ್ಡ್, ಡೊಮೇನ್ ನಿಮ್ಮ ಕೈಯಲ್ಲಿರಲಿ. ಕೊಡಲ್ಲ ಅನ್ನುವವರಿಗೆ ಕೆಲಸ ಕೊಡಬೇಡಿ.

ದೂರು ನಡೆಯುತ್ತಿರುವುದರಿಂದ ಅವರ ಹೆಸರು ಇಲ್ಲಿ ಬರೆಯುವುದಿಲ್ಲ. ಮದ್ದೂರು, ಮಂಡ್ಯ ಕಡೆ ಮೈಸೂರಿನವರ ಕೊಟೇಷನ್ ಬಂದಿರುವವರು ಅಂಗಡಿಗೆ ಬನ್ನಿ. ಆ 31 ಹಾಳೆ ತೋರಿಸುತ್ತೇನೆ.