ಗಾರ್ಲಿಕ್ ಟೋಸ್ಟ್: ನಾಲ್ಕು ಭಾನುವಾರ, ನಾಲ್ಕು ಬ್ರೆಡ್, ಅತ್ತೆಯ ಒಂದು ಕಾವಲಿ

ಮಗಳ ಹುಟ್ಟುಹಬ್ಬಕ್ಕೆ ಹೋಟೆಲಿಗೆ ಹೋಗಿದ್ದೆವು. ಸೂಪಿನ ಜೊತೆ ನಾಲ್ಕು ತುಂಡು ಗಾರ್ಲಿಕ್ ಟೋಸ್ಟ್ ಬಂತು. ಹೊರಗೆ ಗರಿಗರಿ, ಒಳಗೆ ಹತ್ತಿಯ ಹಾಗೆ ಮೆತ್ತಗೆ. ಅವಳು ಮೂರು ತಿಂದಳು, ಉಳಿದ ಒಂದರಲ್ಲಿ ನಾವಿಬ್ಬರು ಪಾಲು ಮಾಡಿಕೊಂಡೆವು. ಬಿಲ್ಲು ನೋಡಿದ ನಮ್ಮವರು, "ಇದು ಬ್ರೆಡ್ಡಿಗೆ ಬೆಣ್ಣೆ ಹಚ್ಚಿದ್ದು ಅಲ್ವಾ? ಮನೆಯಲ್ಲೇ ಮಾಡಬಹುದಿತ್ತು" ಅಂದರು. ಮಾಡುವವಳು ಯಾರು ಎಂದು ಅವರು ಹೇಳಲಿಲ್ಲ, ಹೇಳುವ ಅಗತ್ಯವೂ ಇರಲಿಲ್ಲ.

ಮರುದಿನವೇ ಮಾಡಿದೆ. ಬೆಳ್ಳುಳ್ಳಿ ಜಜ್ಜಿ, ಬೆಣ್ಣೆಗೆ ಕಲಸಿ, ಬ್ರೆಡ್ಡಿಗೆ ಹಚ್ಚಿ, ಜೋರು ಉರಿಯಲ್ಲಿ ಕಾಯಿಸಿದೆ. ಬೆಳ್ಳುಳ್ಳಿ ಕರಿದು ಕಹಿಯಾಯಿತು, ಬ್ರೆಡ್ ನಡುವೆ ಹಸಿಹಸಿ ಉಳಿಯಿತು, ಉಪ್ಪಂತೂ ಬಾಯಿಗಿಡಲಾಗಲಿಲ್ಲ. ಮಗಳು ಒಂದು ತುತ್ತು ತಿಂದು, "ಅಮ್ಮ, ಹೋಟೆಲಿನದ್ದು ಬೇರೆ ಥರ ಇತ್ತು" ಅಂದಳು. ಆಗ ಹಟ ಹಿಡಿಯಿತು.

ಆಮೇಲೆ ನಾಲ್ಕು ಭಾನುವಾರ ಸಂಜೆ ಇದೇ ಕೆಲಸ. ಅಳತೆ ಬದಲಿಸಲಿಲ್ಲ: ನಾಲ್ಕು ತುಂಡು ಬ್ರೆಡ್, 50 ಗ್ರಾಂ ಬೆಣ್ಣೆ, ಬೆಳ್ಳುಳ್ಳಿಯ ಆರು ದೊಡ್ಡ ಎಸಳು. ಉಳಿದದ್ದನ್ನೆಲ್ಲ ಒಂದೊಂದಾಗಿ ಬದಲಿಸಿ ನೋಡಿದೆ. ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಇದೆಲ್ಲ ನಡೆದದ್ದು ಜುಲೈಯಲ್ಲಿ. ಮಂಗಳೂರಿನ ಜುಲೈ ಎಂದರೆ ಒಗೆದ ಬಟ್ಟೆ ಮೂರು ದಿನವಾದರೂ ಒಣಗುವುದಿಲ್ಲ, ಕಾಯಿಸಿದ ಹಪ್ಪಳ ತಟ್ಟೆಯಲ್ಲೇ ಮೆತ್ತಗಾಗುತ್ತದೆ. ಒಣ ಹವೆಯ ಊರಿನಲ್ಲಿ ಕೂತು ಬರೆದ ಅಡುಗೆ ಕ್ರಮ ಇಲ್ಲಿ ಅರ್ಧಕ್ಕರ್ಧ ಕೈಕೊಡುತ್ತದೆ.

ಬ್ರೆಡ್ಡಿನಿಂದ ಶುರು ಮಾಡಿದೆ. ಎಲ್ಲರ ಹಾಗೆ ನಾನೂ ಗುಟ್ಟು ಅಲ್ಲೇ ಉಂಟು ಅಂದುಕೊಂಡಿದ್ದೆ.

ಪ್ಯಾಕೆಟಿನ ಸ್ಯಾಂಡ್‌ವಿಚ್ ಬ್ರೆಡ್ ಮೊದಲ ಸುತ್ತಿನಲ್ಲೇ ಹೊರಗೆ ಹೋಯಿತು. ತೆಳು ಸ್ಲೈಸ್. ಬೆಣ್ಣೆ ಹಚ್ಚಿದರೆ ಈ ಕಡೆಯಿಂದ ಆ ಕಡೆಗೆ ಇಳಿಯುತ್ತದೆ. ಗರಿಗರಿ ಮಾಡಲು ಹೋದರೆ ಇಡೀ ಸ್ಲೈಸ್ ರಸ್ಕ್ ಆಗುತ್ತದೆ, ಮೆತ್ತಗೆ ಉಳಿಸಲು ಹೋದರೆ ಎತ್ತುವಾಗ ಬಾಗುತ್ತದೆ.

ಪಾವ್ ಪರವಾಗಿಲ್ಲ. ಅಡ್ಡಕ್ಕೆ ಸೀಳಿ, ಒಳಗಿನ ಮೈಗೆ ಮಾತ್ರ ಬೆಣ್ಣೆ ಹಚ್ಚಿ ಕಾಯಿಸಿದರೆ ಬಿಸಿಬಿಸಿಯಾಗಿ ತುಂಬಾ ರುಚಿ. ಆದರೆ ಸ್ವಲ್ಪ ಸಿಹಿ ಇರುತ್ತದೆ, ಹಾಗಾಗಿ ಬೇಗ ಕೆಂಪಾಗುತ್ತದೆ. ಐದು ನಿಮಿಷ ಬಿಟ್ಟರೆ ಮತ್ತೆ ಮೆತ್ತಗೆ. ಕೆಳಗಿನ ಮನೆಯ ಬಾಯಮ್ಮನಿಗೆ ಒಂದು ಕೊಟ್ಟು ಬಂದೆ. "ಚಂದ ಆಗಿದೆ ಮಗಾ, ಆದರೆ ಇದು ಟೋಸ್ಟ್ ಅಲ್ಲ, ಬೆಣ್ಣೆ ಪಾವ್" ಅಂದರು. ಸರಿಯಾದ ಮಾತೇ. (ಪಾವ್ ಸಿಗದೆ ಬನ್ನಿನಲ್ಲೂ ಮಾಡಬಹುದು. ಬಾಳೆಹಣ್ಣು ಹಾಕಿ ಕರಿಯುವ ನಮ್ಮ ಬನ್ಸ್‌ನಲ್ಲಿ ಮಾತ್ರ ಬೇಡ ಮಾರಾಯ್ರೆ.)

ಮಣಿಪಾಲದಿಂದ ಬರುವಾಗ ನಮ್ಮವರು ಒಂದು ಉದ್ದದ ಫ್ರೆಂಚ್ ಬ್ರೆಡ್ ತಂದರು. ಚಿತ್ರದಲ್ಲಿ ಕಾಣುವ ಗಾರ್ಲಿಕ್ ಬ್ರೆಡ್ ಇದರದ್ದೇ. ತಂದ ಕೂಡಲೇ ಮಾಡಿದರೆ ಸೊಗಸು. ಆದರೆ ನಮ್ಮ ಮಳೆಗಾಲದಲ್ಲಿ ಆ ಗಟ್ಟಿ ಸಿಪ್ಪೆ ಸಂಜೆಯೊಳಗೆ ತೇವ ಎಳೆದುಕೊಂಡು ಚಪ್ಪಲಿಯ ತೊಗಲಿನ ಹಾಗೆ ಆಗುತ್ತದೆ. ಕಾಯಿಸಿದರೆ ಮತ್ತೆ ಗರಿಯಾಗುತ್ತದೆ ನಿಜ, ಆರಿದ ಮೇಲೆ ಜಗಿಯಲು ದವಡೆ ಗಟ್ಟಿ ಬೇಕು.

ಗೆದ್ದದ್ದು ಊರಿನ ಬೇಕರಿಯ ಸಾದಾ ಬ್ರೆಡ್. ಒಂದೇ ಷರತ್ತು: ಕತ್ತರಿಸದೆ ಇಡಿಯಾಗಿ ತರಬೇಕು, ಮನೆಯಲ್ಲಿ ಒಂದು ಇಂಚು ದಪ್ಪಕ್ಕೆ ಕತ್ತರಿಸಬೇಕು. ಬೇಕರಿಯವರು ಅಭ್ಯಾಸಬಲದಿಂದ ಮೆಷಿನ್ನಿಗೆ ಕೊಟ್ಟುಬಿಡುತ್ತಾರೆ, ಮೊದಲೇ ಹೇಳಬೇಕು. ಅದೂ ನಿನ್ನೆಯದಾದರೆ ಇನ್ನೂ ಒಳ್ಳೆಯದು. ಹೊಸ ಬ್ರೆಡ್ ಚಾಕುವಿಗೆ ಸಿಕ್ಕಿ ಅಪ್ಪಚ್ಚಿಯಾಗುತ್ತದೆ. ಒಂದು ದಿನ ಹಳೆಯದು ಸ್ವಲ್ಪ ಬಿಗಿಯಾಗಿರುತ್ತದೆ, ಬೆಣ್ಣೆ ಕುಡಿದೂ ಕುಸಿಯುವುದಿಲ್ಲ. ಬ್ರೆಡ್ಡನ್ನು ಫ್ರಿಜ್ಜಿನಲ್ಲಿ ಇಟ್ಟರೆ ಬೇಗ ಒರಟಾಗುತ್ತದೆ ಎಂದು ಬೈಯುತ್ತಾರಲ್ಲ, ಟೋಸ್ಟಿಗೆ ಆ ಒರಟುತನವೇ ಬೇಕು. ಹೊರಗಿಟ್ಟರೆ ಈ ಹವೆಯಲ್ಲಿ ಮೂರನೇ ದಿನ ಹಸಿರು ಬೂಸ್ಟು.

ಮನೆಯಲ್ಲೇ ಮೈದಾ ಕಲಸಿ, ಯೀಸ್ಟ್ ಹಾಕಿ ಬ್ರೆಡ್ ಮಾಡಿಯೂ ನೋಡಿದೆ. ಇಡೀ ಮಧ್ಯಾಹ್ನ ಹೋಯಿತು. ಬೇಕರಿಯ ಬ್ರೆಡ್ಡಿಗಿಂತ ಏನೂ ಮೇಲಾಗಿರಲಿಲ್ಲ.

ಬೆಣ್ಣೆಯ ವಿಷಯ ಬೇಗ ಮುಗಿಯಿತು. ಉಪ್ಪು ಹಾಕಿದ ಪ್ಯಾಕೆಟ್ ಬೆಣ್ಣೆ ಮತ್ತು ಉಪ್ಪಿಲ್ಲದ ಬೆಣ್ಣೆ, ಅಮುಲ್ ಆಗಲಿ ನಂದಿನಿ ಆಗಲಿ, ಟೋಸ್ಟ್ ಆದ ಮೇಲೆ ನನಗೆ ವ್ಯತ್ಯಾಸ ಗೊತ್ತಾಗಲಿಲ್ಲ. ಉಪ್ಪಿನ ಬೆಣ್ಣೆಗೆ ಮತ್ತೆ ಉಪ್ಪು ಹಾಕಬೇಡಿ, ಅಷ್ಟೇ. ಮೊದಲ ದಿನ ನಾನು ಮಾಡಿದ ಎಡವಟ್ಟು ಅದೇ. ಕೆನೆ ಕಡೆದು ತೆಗೆದ ಮನೆ ಬೆಣ್ಣೆ ಮಾತ್ರ ಇದಕ್ಕೆ ಹೊಂದಲಿಲ್ಲ. ಪ್ಯಾಕೆಟ್ ಬೆಣ್ಣೆಯಲ್ಲಿ ನೂರರಲ್ಲಿ ಎಂಬತ್ತು ಪಾಲು ಕೊಬ್ಬು, ಹದಿನಾರರಷ್ಟು ನೀರು. ಮನೆ ಬೆಣ್ಣೆಯಲ್ಲಿ ಮಜ್ಜಿಗೆ ಇನ್ನೂ ಜಾಸ್ತಿ ಉಳಿದಿರುತ್ತದೆ. ಕಾವಲಿಗೆ ಬಿದ್ದ ಕೂಡಲೇ ಚಟಪಟ ಸಿಡಿಯಿತು, ಬ್ರೆಡ್ ಬೇಯುವ ಬದಲು ಹಬೆಯಲ್ಲಿ ನೆನೆಯಿತು. ಅದು ನೀರುದೋಸೆಯ ಪಕ್ಕಕ್ಕೇ ಚಂದ.

ತುಪ್ಪ? ಸುಡುವ ಭಯವಿಲ್ಲ, ಬ್ರೆಡ್ ಬಹಳ ಗರಿಯಾಗುತ್ತದೆ. ಆದರೆ ವಾಸನೆ ಕುಂದಾಪುರದ ಘೀ ರೋಸ್ಟಿನ ಕಡೆಗೆ ಹೋಗುತ್ತದೆ. ಅದು ತಪ್ಪಲ್ಲ, ಬೇರೆ ತಿಂಡಿ.

ಇನ್ನು ಬೆಳ್ಳುಳ್ಳಿ. ನಾನು ಎರಡು ವಾರ ಬ್ರೆಡ್ ಬದಲಿಸುತ್ತಾ ಕೂತದ್ದು ಸುಮ್ನೆ. ಆಟ ಇದ್ದದ್ದು ಇಲ್ಲಿ.

ಇಡೀ ಬೆಳ್ಳುಳ್ಳಿಗೆ ಅಷ್ಟೇನೂ ವಾಸನೆ ಇರುವುದಿಲ್ಲ, ಗಮನಿಸಿದ್ದೀರಾ? ಎಸಳನ್ನು ಜಜ್ಜಿದಾಗ, ಕತ್ತರಿಸಿದಾಗ ಒಳಗೆ ಬೇರೆ ಬೇರೆ ಇದ್ದ ಎರಡು ವಸ್ತುಗಳು ಒಂದಕ್ಕೊಂದು ಸೇರುತ್ತವೆ. ಒಂದು ಕಿಣ್ವ ಕೆಲಸ ಶುರು ಮಾಡಿ ಅಲ್ಲಿಸಿನ್ ಎನ್ನುವುದನ್ನು ಹುಟ್ಟಿಸುತ್ತದೆ. ಆ ಘಾಟು, ಆ ಖಾರ ಅದರದ್ದು. ಬಿಸಿ ತಾಗಿದರೆ ಆ ಕಿಣ್ವ ಸಾಯುತ್ತದೆ. ಅಂದರೆ ಯಾವಾಗ ಜಜ್ಜುತ್ತೀರಿ, ಯಾವಾಗ ಬಿಸಿ ಮಾಡುತ್ತೀರಿ ಎನ್ನುವುದರ ಮೇಲೆ ಒಂದೇ ಬೆಳ್ಳುಳ್ಳಿ ನಾಲ್ಕು ರುಚಿ ಕೊಡುತ್ತದೆ. ನಾನು ನಾಲ್ಕನ್ನೂ ಮಾಡಿದೆ.

ಹಸಿಯಾಗಿ ಜಜ್ಜಿ ಬೆಣ್ಣೆಗೆ ಕಲಸಿದ್ದು: ಮೂಗಿಗೆ ಹೊಡೆಯುವ ವಾಸನೆ. ಆದರೆ ತಿಂದ ಮೇಲೆ ನಾಲಿಗೆ ಚುರುಚುರು, ಮರುದಿನ ಆಫೀಸಿನಲ್ಲಿ ಯಾರ ಹತ್ತಿರವೂ ಮಾತಾಡುವ ಹಾಗಿಲ್ಲ. ಉರಿ ಸ್ವಲ್ಪ ಜಾಸ್ತಿಯಾದರೆ ಮೇಲೆ ಉಳಿದ ಚೂರು ಕರಿದು ಕಹಿ.

ಇಡೀ ಗಡ್ಡೆಯನ್ನು ಎಣ್ಣೆ ಸವರಿ, ಫಾಯಿಲಿನಲ್ಲಿ ಸುತ್ತಿ, ಓವನ್ನಿನಲ್ಲಿ 180 ಡಿಗ್ರಿಗೆ 40 ನಿಮಿಷ ಸುಟ್ಟದ್ದು: ಒತ್ತಿದರೆ ಬೆಣ್ಣೆಯ ಹಾಗೆ ಹೊರಗೆ ಬರುತ್ತದೆ. ಸಿಹಿ, ಮೃದು. ಜಜ್ಜುವ ಮೊದಲೇ ಬೆಂದದ್ದರಿಂದ ಘಾಟು ಹುಟ್ಟಿಯೇ ಇರುವುದಿಲ್ಲ. ತಿನ್ನಲು ಅದ್ಭುತ, ನಾನು ಅರ್ಧ ಗಡ್ಡೆ ಹಾಗೇ ತಿಂದೆ. ಟೋಸ್ಟಿನಲ್ಲಿ ಮಾತ್ರ "ಇದರಲ್ಲಿ ಬೆಳ್ಳುಳ್ಳಿ ಉಂಟಾ?" ಅಂತ ಮಗಳು ಕೇಳಿದಳು.

ಗಾರ್ಲಿಕ್ ಪುಡಿ: ಇದನ್ನು ನಾನು ಕೀಳಾಗಿ ನೋಡುತ್ತಿದ್ದೆ. ತಪ್ಪು. ಪುಡಿ ಬೆರೆಸಿದ ಬೆಣ್ಣೆಗೆ ಬಿಸಿ ತಾಗಿದಾಗ ಬಂದ ವಾಸನೆ ಸೀದಾ ಪಿಜ್ಜಾ ಅಂಗಡಿಯದ್ದು. ಚೂರು ಇಲ್ಲ, ನೀರಿಲ್ಲ, ಎಲ್ಲ ಕಡೆ ಸಮನಾಗಿ ಹರಡುತ್ತದೆ. ಅದೊಂದೇ ಹಾಕಿದರೆ ಮಾತ್ರ ರುಚಿ ಬಾಯಿಯಲ್ಲಿ ನಿಲ್ಲುವುದಿಲ್ಲ.

ಜಜ್ಜಿ, ಹತ್ತು ನಿಮಿಷ ಬಿಟ್ಟು, ಸಣ್ಣ ಉರಿಯಲ್ಲಿ ಬೆಣ್ಣೆಯ ಜೊತೆ ಬಿಸಿ ಮಾಡಿದ್ದು: ಹತ್ತು ನಿಮಿಷ ಬಿಟ್ಟದ್ದರಿಂದ ಘಾಟು ಹುಟ್ಟಿರುತ್ತದೆ, ಸಣ್ಣ ಉರಿ ಅದರ ಮೊನೆ ಮುರಿಯುತ್ತದೆ. ಹೋಟೆಲಿನ ರುಚಿಗೆ ಇದು ತುಂಬಾ ಹತ್ತಿರ. ಆದರೆ ಏನೋ ಒಂದು ಕಮ್ಮಿ.

ಆ ಕಮ್ಮಿ ಏನೆಂದು ಮೂರನೇ ಭಾನುವಾರ ಗೊತ್ತಾಯಿತು, ಅದೂ ಅಕಸ್ಮಾತ್. ಆರು ಎಸಳಲ್ಲಿ ನಾಲ್ಕನ್ನು ಬೆಣ್ಣೆಗೆ ಹಾಕಿದ್ದೆ, ಎರಡು ಕುಟ್ಟಾಣಿಯಲ್ಲೇ ಮರೆತುಹೋಗಿತ್ತು. ಒಲೆ ಆರಿಸಿ ಬೆಣ್ಣೆ ಉಗುರು ಬೆಚ್ಚಗಾದ ಮೇಲೆ ಅದನ್ನೂ ಕೆರೆದು ಹಾಕಿದೆ. ಮಗಳು ಕಚ್ಚಿದವಳು ನನ್ನ ಮುಖ ನೋಡಿದಳು. "ಇದೇ!" ಅಂದಳು. ನಾಲ್ಕು ಬೆಂದದ್ದು, ಎರಡು ಹಸಿ. ಈಗ ಕಾಲು ಚಮಚ ಪುಡಿಯನ್ನೂ ಸೇರಿಸುತ್ತೇನೆ, ವಾಸನೆಗೆ.

ಬೇಯಿಸುವ ಪಾತ್ರೆಯಲ್ಲಿ ಮೂರು ಸ್ಪರ್ಧಿಗಳು. ಪಾಪ್-ಅಪ್ ಟೋಸ್ಟರ್ ಲೆಕ್ಕಕ್ಕಿಲ್ಲ. ಬೆಣ್ಣೆ ಹಚ್ಚಿದ ಬ್ರೆಡ್ಡನ್ನು ಅದರೊಳಗೆ ಇಳಿಸುವ ಹಾಗೇ ಇಲ್ಲ, ಬೆಣ್ಣೆ ತೊಟ್ಟಿಕ್ಕಿ ಬೆಂಕಿ ಹತ್ತಬಹುದು. ಒಣ ಟೋಸ್ಟ್ ಮಾಡಿ ಆಮೇಲೆ ಹಚ್ಚಿದರೆ ಬೆಣ್ಣೆ ಮೇಲೇ ಕೂರುತ್ತದೆ, ಬ್ರೆಡ್ಡಿನ ಜೊತೆ ಸೇರುವುದಿಲ್ಲ.

ಓಟಿಜಿ ಓವನ್ ಕೆಲಸ ಚೊಕ್ಕ. 200 ಡಿಗ್ರಿ, ಎಂಟು ನಿಮಿಷ, ಅಂಚೆಲ್ಲ ಒಂದೇ ಸಮ ಕೆಂಪು. ಚೀಸ್ ಹಾಕುವುದಾದರೆ ಇದೇ ಬೇಕು. ಆದರೆ ನಾಲ್ಕು ತುಂಡಿಗೆ ಹತ್ತು ನಿಮಿಷ ಖಾಲಿ ಓವನ್ ಕಾಯಿಸುವುದು ನನಗೆ ಸಂಕಟ. ಎರಡನೇ ಭಾನುವಾರ ಮಳೆ ಜೋರಾಗಿ, ಬ್ರೆಡ್ ಒಳಗಿಟ್ಟ ನಾಲ್ಕನೇ ನಿಮಿಷಕ್ಕೆ ಕರೆಂಟು ಹೋಯಿತು. ತೆಗೆಯಬೇಕೋ ಬಿಡಬೇಕೋ ಗೊತ್ತಾಗದೆ ಕತ್ತಲಲ್ಲಿ ನಿಂತಿದ್ದೆ. ಒಳಗೆ ಬ್ರೆಡ್ ನಿಧಾನಕ್ಕೆ ಒಣಗಿ ರಸ್ಕ್ ಆಯಿತು.

ಕಬ್ಬಿಣದ ಕಾವಲಿ ಎರಡನ್ನೂ ಸೋಲಿಸಿತು. ದಪ್ಪ ಕಬ್ಬಿಣ ಬಿಸಿ ಹಿಡಿದುಕೊಳ್ಳುತ್ತದೆ, ಬ್ರೆಡ್ಡಿನ ಮೈ ನೇರವಾಗಿ ಅದಕ್ಕೆ ತಾಗುತ್ತದೆ, ಬೆಣ್ಣೆಯಲ್ಲೇ ಹುರಿದ ಹಾಗೆ ಕೆಂಪು ಪದರ ಬರುತ್ತದೆ. ಓವನ್ನಿನಲ್ಲಿ ಅದು ಬರುವುದಿಲ್ಲ. ಮಳೆಗಾಲಕ್ಕೆ ಒಂದು ಉಪಾಯ: ಬೆಣ್ಣೆ ಹಚ್ಚುವ ಮೊದಲು ಎರಡೂ ಕಡೆ ಒಂದೊಂದು ನಿಮಿಷ ಒಣದಾಗಿಯೇ ಕಾವಲಿಯಲ್ಲಿಡಿ. ತೇವ ಹೋಗಲಿ. ಆಮೇಲೆ ಬೆಣ್ಣೆ ಹಚ್ಚಿ, ಸಣ್ಣ ಉರಿಯಲ್ಲಿ ಬೆಣ್ಣೆಯ ಮೈ ಕೆಳಗೆ ಮಾಡಿ ಎರಡು ನಿಮಿಷ. ಸಟ್ಟುಗದಿಂದ ಒತ್ತಬೇಡಿ.

ತೊಂದರೆ ಏನೆಂದರೆ ಆ ಕಾವಲಿ ನನ್ನದಲ್ಲ. ಅತ್ತೆಯದ್ದು. ಅತ್ತೆ ಉಡುಪಿಯವರು, ಬೆಳ್ಳುಳ್ಳಿ ಮುಟ್ಟುವುದಿಲ್ಲ. ನಾವು ತಿನ್ನುವುದಕ್ಕೆ ಅವರ ತಕರಾರಿಲ್ಲ, ಅವರ ಪಾತ್ರೆಗೆ ತಾಗಬಾರದು ಅಷ್ಟೇ. ಅವರು ಊರಿಗೆ ಹೋಗಿದ್ದ ಭಾನುವಾರ ನಾನು ಮೆಲ್ಲಗೆ ಅದನ್ನು ತೆಗೆದೆ. ತೊಳೆದೆ, ಈರುಳ್ಳಿ ಉಜ್ಜಿದೆ, ಎಣ್ಣೆ ಸವರಿ ಅದೇ ಮೊಳೆಗೆ ತೂಗುಹಾಕಿದೆ. ಕಬ್ಬಿಣಕ್ಕೆ ಕೂತ ವಾಸನೆ ಅಷ್ಟು ಸುಲಭಕ್ಕೆ ಹೋಗುತ್ತದಾ? ಸೋಮವಾರ ಸಂಜೆ ಬಂದರು, ಮಂಗಳವಾರ ಬೆಳಿಗ್ಗೆ ನೀರುದೋಸೆ ಹುಯ್ದರು. ಮೊದಲ ದೋಸೆ ಎಬ್ಬಿಸುವಾಗಲೇ ಕೈ ನಿಂತಿತು. "ಎಂಥ ನಾತ ಇದು?" ಅಂದರು. ನಾನು ಕಾಫಿ ಸೋಸುವುದರಲ್ಲಿ ಮುಳುಗಿದವಳ ಹಾಗೆ ನಿಂತೆ. ಆ ದಿನ ಅತ್ತೆ ಅವಲಕ್ಕಿ ತಿಂದರು.

ಅದೇ ವಾರ ಪೇಟೆಯ ಪಾತ್ರೆ ಅಂಗಡಿಯಿಂದ ಬೇರೆ ಕಾವಲಿ ತಂದೆ. ಹೊಸ ಕಬ್ಬಿಣ ಪಳಗುವವರೆಗೆ ಮೊದಲ ಐದಾರು ಟೋಸ್ಟ್ ಹಿಡಿದವು. ಈಗ ಪರವಾಗಿಲ್ಲ.

ಮೇಲಿನ ಅಲಂಕಾರಕ್ಕೆ ಪಾರ್ಸ್ಲಿ ಹುಡುಕಿಕೊಂಡು ಹೋಗಬೇಡಿ, ಕೊತ್ತಂಬರಿ ಸೊಪ್ಪು ಸಣ್ಣಗೆ ಹೆಚ್ಚಿ ಹಾಕಿದರೆ ಸಾಕು. ಒಲೆಯಿಂದ ಇಳಿಸಿದ ಮೇಲೆ ಹಾಕಿ, ಮೊದಲೇ ಹಾಕಿದರೆ ಕಪ್ಪಾಗುತ್ತದೆ. ಚೀಸ್ ಹಾಕಿದರೆ ಮಕ್ಕಳಿಗೆ ಖುಷಿ, ಬೆಳ್ಳುಳ್ಳಿಯ ಶ್ರಮ ನೀರುಪಾಲು.

ಉಳಿದ ಬೆಳ್ಳುಳ್ಳಿ ಬೆಣ್ಣೆಯನ್ನು ಹೊರಗಿಡಬೇಡಿ. ಗಾಳಿಯಾಡದ ಕೊಬ್ಬಿನೊಳಗೆ ಹಸಿ ಬೆಳ್ಳುಳ್ಳಿ ಕೂತರೆ ವಿಷಕಾರಿ ಬ್ಯಾಕ್ಟೀರಿಯಾ ಬೆಳೆಯುವ ಅಪಾಯ ಉಂಟು, ವಾಸನೆಯಿಂದ ಅದು ತಿಳಿಯುವುದೂ ಇಲ್ಲ. ಫ್ರಿಜ್ಜಿನಲ್ಲಿಟ್ಟು ಮೂರು ದಿನದಲ್ಲಿ ಮುಗಿಸಿ, ಇಲ್ಲವೇ ಫ್ರೀಜರಿನಲ್ಲಿಡಿ. ನಾನು ಐಸ್ ಟ್ರೇಯಲ್ಲಿ ಹಾಕಿ ಗಟ್ಟಿ ಮಾಡಿಡುತ್ತೇನೆ, ಒಂದು ತುಂಡಿಗೆ ಒಂದು ಕ್ಯೂಬ್.

ಕಳೆದ ವಾರ ಅತ್ತೆಗೆ ಸಣ್ಣಗೆ ಜ್ವರ. ನಮ್ಮ ಕಡೆ ಜ್ವರಕ್ಕೂ ಬ್ರೆಡ್ಡಿಗೂ ಹಳೆಯ ನೆಂಟು. "ಬರೀ ಬ್ರೆಡ್ ಬೇಡ, ನಿಂದು ಆ ಟೋಸ್ಟ್ ಬೆಳ್ಳುಳ್ಳಿ ಇಲ್ಲದೆ ಆಗ್ತದಾ?" ಎಂದು ಕೇಳಿದರು. ಬೆಣ್ಣೆ ಕರಗಿಸಿ ಒಂದು ಚಿಟಿಕೆ ಇಂಗು, ಸ್ವಲ್ಪ ಕಾಳುಮೆಣಸಿನ ಪುಡಿ, ನಾಲ್ಕು ಕರಿಬೇವಿನ ಎಲೆ ಹೆಚ್ಚಿ ಹಾಕಿದೆ. ನನ್ನ ಹೊಸ ಕಾವಲಿಯನ್ನು ಒಲೆಗೆ ಇಡಲು ಹೋದರೆ ಕೈ ಅಡ್ಡ ಹಿಡಿದರು. ಮೊಳೆಯಿಂದ ತಮ್ಮ ಕಾವಲಿ ತಾವೇ ತೆಗೆದುಕೊಟ್ಟರು. ಎರಡು ತುಂಡು ತಿಂದರು. ಮೂರನೆಯದ್ದು ಮಗಳ ಪಾಲಾಯಿತು. ಅವಳು ಏನೂ ಹೇಳಲಿಲ್ಲ, ಇನ್ನೊಂದು ಉಂಟಾ ಎಂದು ತಟ್ಟೆ ಎತ್ತಿ ನೋಡಿದಳು.