ಸ್ಪೆಲಂಕಿ: ಅಂಗಡಿಯವನ ಸಿಟ್ಟಿಗೆ ಮದ್ದಿಲ್ಲ

ಮೊದಲು ಅಂಗಡಿಯವನ ವಿಷಯ ಹೇಳಿಬಿಡುತ್ತೇನೆ. ಇಲ್ಲದಿದ್ದರೆ ಬಾಕಿ ಬರೆಯಲು ಮನಸ್ಸು ಬರುವುದಿಲ್ಲ.

ಸ್ಪೆಲಂಕಿ ಅನ್ನುವ ವಿಡಿಯೋ ಗೇಮಿನ ಗುಹೆಯಲ್ಲಿ ಅಲ್ಲಲ್ಲಿ ಅಂಗಡಿ ಸಿಗುತ್ತದೆ. ಒಳಗೆ ಗಡ್ಡದವ ಒಬ್ಬ ನಿಂತಿರುತ್ತಾನೆ. ಅವನ ಹತ್ತಿರ ಬಾಂಬ್ ಉಂಟು, ಹಗ್ಗ ಉಂಟು, ಪ್ಯಾರಾಶೂಟ್ ಉಂಟು, ಅದೃಷ್ಟ ಇದ್ದರೆ ಜೆಟ್‌ಪ್ಯಾಕ್ ಕೂಡ ಉಂಟು. ಹಣ ಕೊಟ್ಟು ತೆಗೆದುಕೊಂಡರೆ ಆ ಮನುಷ್ಯನಿಂದ ತಂಟೆ ಇಲ್ಲ. ಈಗ ಅದೇ ಹಂತದಲ್ಲಿ ಎಲ್ಲೋ ಮೇಲೆ ಒಂದು ಚಿನ್ನದ ಮೂರ್ತಿ ಇದೆ ಅಂತ ಇಟ್ಟುಕೊಳ್ಳಿ. ಅದನ್ನು ಎತ್ತಿದ ಕೂಡಲೇ ದೊಡ್ಡ ಬಂಡೆ ಬಿದ್ದು ಉರುಳಲು ಶುರುವಾಗುತ್ತದೆ. ನೀವು ಪಕ್ಕಕ್ಕೆ ಹಾರಿ ಬಚಾವಾಗುತ್ತೀರಿ. ಬಂಡೆ ಮಾತ್ರ ಉರುಳಿಕೊಂಡು ಹೋಗಿ ಅಂಗಡಿಯ ಗೋಡೆ ಒಡೆಯುತ್ತದೆ. ಮುಗಿಯಿತು. ಗಡ್ಡದವ ಬಂದೂಕು ಹಿಡಿದು ಹೊರಗೆ ಹಾರುತ್ತಾನೆ. ಯಾರು ಒಡೆದದ್ದು, ಬೇಕಂತ ಒಡೆದದ್ದಾ, ಕೇಳುವ ಪದ್ಧತಿಯೇ ಇಲ್ಲ. ಅವನಿಂದ ತಪ್ಪಿಸಿಕೊಂಡು ಕೆಳಗೆ ಇಳಿದರೆ ಮುಂದಿನ ಹಂತದ ಬಾಗಿಲಲ್ಲಿ ಇನ್ನೊಬ್ಬ ಅಂಗಡಿಯವ ಬಂದೂಕು ಹಿಡಿದು ಕಾಯುತ್ತಿರುತ್ತಾನೆ. ಸುದ್ದಿ ಅಷ್ಟು ಬೇಗ ಹೇಗೆ ತಲುಪಿತೋ ಆ ದೇವರಿಗೇ ಗೊತ್ತು. ನಮ್ಮ ಮಂಗಳೂರಿನ ಶಕ್ತಿನಗರದ ದಿನಸಿ ಅಂಗಡಿಯಲ್ಲಿ ಮಕ್ಕಳು ಚೆಂಡು ಹೊಡೆದು ಭರಣಿ ಒಡೆದರೂ ಯಜಮಾನರು ಮೊದಲು "ಯಾರ ಮಗ?" ಅಂತ ಕೇಳುತ್ತಾರೆ. ಇಲ್ಲಿ ಆ ಮರ್ಯಾದೆಯೂ ಇಲ್ಲ ಮಾರಾಯ್ರೆ.

ಗುಹೆಯೊಳಗೆ ಹಂತ ಹಂತವಾಗಿ ಕೆಳಗೆ ಇಳಿಯುತ್ತಾ ಹೋಗುವುದು, ಸತ್ತರೆ ಪುನಃ ಮೊದಲಿನಿಂದ ಶುರು, ಆಟ ಇಷ್ಟೇ. ಡೆರೆಕ್ ಯೂ 2008ರಲ್ಲಿ ಉಚಿತವಾಗಿ ಬಿಟ್ಟದ್ದು. ಅಂದವಾಗಿ ಹೊಸದಾಗಿ ಮಾಡಿದ ರೂಪ 2012ರಲ್ಲಿ ಎಕ್ಸ್‌ಬಾಕ್ಸ್‌ಗೆ, 2013ರಲ್ಲಿ ಕಂಪ್ಯೂಟರ್‌ಗೆ ಬಂತು. ನಾನು ಆಡುವುದು ಆ ಕಂಪ್ಯೂಟರ್ ಆವೃತ್ತಿ. ಸೇಲ್‌ನಲ್ಲಿ ತೆಗೆದುಕೊಂಡದ್ದು, ಇಬ್ಬರು ಹೋಟೆಲಿನಲ್ಲಿ ಮೀನೂಟ ಮಾಡುವಷ್ಟು ಹಣವೂ ಆಗಲಿಲ್ಲ. ನನ್ನದು ಆಫೀಸಿನ ಹಳೆಯ ಲ್ಯಾಪ್‌ಟಾಪ್. ದೊಡ್ಡ ಆಟಗಳು ಅದರಲ್ಲಿ ತೆರೆಯುವುದೇ ಇಲ್ಲ. ಇದು ಮಾತ್ರ ನೀರಿನ ಹಾಗೆ ಓಡುತ್ತದೆ. ನಾನು ಇದಕ್ಕೆ ಅಂಟಿಕೊಳ್ಳಲು ಮೊದಲ ಕಾರಣ ಅದೇ, ಸುಳ್ಳು ಯಾಕೆ ಹೇಳಲಿ.

ಆಡುವ ಕ್ರಮ ಹೀಗೆ. ಹಂಪನಕಟ್ಟೆಯಿಂದ ಸಿಟಿ ಬಸ್ಸಿನಲ್ಲಿ ನಿಂತುಕೊಂಡೇ ಬಂದು, ಸ್ನಾನ ಮಾಡಿ, ಕುಚ್ಚಲಕ್ಕಿ ಗಂಜಿ ಊಟ ಮುಗಿಸಿ, ಮನೆಯವರು ಟಿವಿ ಮುಂದೆ ಕೂತ ಮೇಲೆ ನಾನು ಒಳಗಿನ ಕೋಣೆಗೆ ಹೋಗುತ್ತೇನೆ. ಮಳೆಗಾಲದಲ್ಲಿ ಕಂಟ್ರೋಲರ್ ಇರುವುದು ಸ್ಟೀಲ್ ಡಬ್ಬಿಯಲ್ಲಿ. ಹೊಸ ಚಪ್ಪಲಿ, ಬ್ಯಾಗಿನ ಜತೆ ಬರುವ ಸಿಲಿಕಾ ಜೆಲ್ ಪೊಟ್ಟಣಗಳನ್ನೆಲ್ಲ ಕೂಡಿಟ್ಟು ಅದರೊಳಗೆ ಹಾಕಿದ್ದೇನೆ. ನಮ್ಮೂರಲ್ಲಿ ಜೂನ್ ಬಂದರೆ ಬೆಲ್ಟಿಗೂ ಬೂಸ್ಟು ಬರುತ್ತದೆ, ಕಂಟ್ರೋಲರ್ ಯಾವ ಲೆಕ್ಕ? ಹೊರಗೆ ಇಟ್ಟರೆ ಗುಂಡಿ ಒತ್ತಿದ್ದು ಮೇಲೆ ಬರುವುದಿಲ್ಲ. ಹಾರು ಅಂದರೆ ಅರ್ಧ ಕ್ಷಣ ತಡವಾಗಿ ಹಾರುತ್ತದೆ. ಈ ಆಟದಲ್ಲಿ ಅರ್ಧ ಕ್ಷಣ ಅಂದರೆ ಒಂದು ಜೀವ. ಡಬ್ಬಿ ತೆರೆದು, ಹಳೆ ಬನಿಯನ್ ತುಂಡಿನಲ್ಲಿ ಒರೆಸಿ, ಪ್ರತಿ ಗುಂಡಿಯನ್ನೂ ಟಿಕ್ ಟಿಕ್ ಅಂತ ಒತ್ತಿ ನೋಡಿದ ಮೇಲೆಯೇ ಆಟ. ಇಯರ್‌ಫೋನ್ ಬೇಕೇ ಬೇಕು. ಹಂಚಿನ ಮಾಡಿನ ಮೇಲೆ ಮಳೆ ಬಿದ್ದರೆ ಬೇರೇನೂ ಕೇಳುವುದಿಲ್ಲ. ಗುಹೆಯಲ್ಲಿ ಸಿಕ್ಕಿಹಾಕಿಕೊಂಡವರು ಸಹಾಯಕ್ಕೆ ಕೂಗುವುದು ಕಿವಿಗೆ ಬೀಳದಿದ್ದರೆ ಒಂದು ಹೃದಯ (ಆಟದಲ್ಲಿ ಪ್ರಾಣವನ್ನು ಅಳೆಯುವುದು ಅದರಲ್ಲೇ) ತಪ್ಪಿತು ಅಂತಲೇ ಲೆಕ್ಕ.

ಹೃದಯದ ಲೆಕ್ಕ ಹೇಳಬೇಕು. ಶುರುವಿನಲ್ಲಿ 4 ಹೃದಯ, 4 ಬಾಂಬ್, 4 ಹಗ್ಗ. ಸಿಕ್ಕಿಬಿದ್ದವರನ್ನು ಎತ್ತಿಕೊಂಡು ಬಾಗಿಲು ತಲುಪಿದರೆ ಒಂದು ಹೃದಯ ಜಾಸ್ತಿ. ಆ ಸಿಕ್ಕಿಬಿದ್ದವರು ಹೆಣ್ಣಾ, ಗಂಡಾ, ನಾಯಿಯಾ ಅಂತ ಸೆಟ್ಟಿಂಗ್‌ನಲ್ಲಿ ಬದಲಿಸಬಹುದು. ನಾನು ನಾಯಿ ಇಟ್ಟಿದ್ದೇನೆ. ಹೆಂಗಸನ್ನು ಹೆಗಲ ಮೇಲೆ ಹೊತ್ತು, ಬೇಕಾದಾಗ ಗೋಡೆಗೆ ಎಸೆಯುತ್ತಾ ಹೋಗುವುದನ್ನು ಮಗಳು ನೋಡಿ ಮುಖ ಸಿಂಡರಿಸಿದಳು. ಅವಳು ಹೇಳಿದ್ದು ಸರಿಯೇ. ನಾಯಿಯನ್ನು ಎಸೆದರೂ ಬೇಸರವಾಗುತ್ತದೆ, ಆದರೆ ಸ್ವಲ್ಪ ಕಡಿಮೆ.

ಬದುಕಿ ಉಳಿಯುವುದು ಹೇಗೆ ಅಂತ ಕೇಳುವವರಿಗೆ ನನ್ನ ಉತ್ತರ ಒಂದೇ. ಇಳಿಯುವ ಮೊದಲು ಕುಕ್ಕರಗಾಲಲ್ಲಿ ಕೂತು ಕೆಳಗೆ ನೋಡಿ. ಕೆಳಗಿನ ಗುಂಡಿಯನ್ನು ಒತ್ತಿ ಹಿಡಿದರೆ ಪರದೆ ಕೆಳಕ್ಕೆ ಸರಿದು ಏನಿದೆ ಅಂತ ತೋರಿಸುತ್ತದೆ. ಮೇಲಿನಿಂದ ಚೂಪು ಮುಳ್ಳಿನ ಮೇಲೆ ಬಿದ್ದರೆ ಎಷ್ಟು ಹೃದಯ ಇದ್ದರೂ ಒಂದೇ ಏಟಿಗೆ ಸಾವು. ಅದೇ ಮುಳ್ಳಿನ ನಡುವೆ ಪಕ್ಕದಿಂದ ನಡೆದುಕೊಂಡು ಹೋದರೆ ಏನೂ ಆಗುವುದಿಲ್ಲ! ಅಂಚಿನಲ್ಲಿ ಕೂತು ಮೆಲ್ಲ ಸರಿದರೆ ಕೈಯಲ್ಲಿ ಅಂಚು ಹಿಡಿದು ನೇತಾಡುತ್ತೀರಿ. ಅಲ್ಲಿಂದ ಬಿಟ್ಟರೆ ಬೀಳುವ ಎತ್ತರ ಅಷ್ಟು ಕಡಿಮೆಯಾಗುತ್ತದೆ.

ಇನ್ನೊಂದು, ಕೈ ಖಾಲಿ ಇಟ್ಟುಕೊಂಡು ನಡೆಯಬೇಡಿ. ಒಂದು ಕಲ್ಲು ಅಥವಾ ಮಡಕೆ ಯಾವಾಗಲೂ ಇರಲಿ. ಗೋಡೆಯಲ್ಲಿ ಬಾಣ ಬಿಡುವ ಕಲ್ಲಿನ ಮುಖ ಕಂಡರೆ ಅದರ ಎದುರಿಗೆ ಮಡಕೆ ಎಸೆಯಿರಿ. ಬಾಣ ಅದಕ್ಕೆ ಹೋಗುತ್ತದೆ. ಒಂದು ಸಲ ಬಿಟ್ಟರೆ ಮತ್ತೆ ಬಿಡುವುದಿಲ್ಲ. ನಿಮಗೆ ತಾಗಿದ್ದರೆ ಹೋಗುತ್ತಿದ್ದದ್ದು 2 ಹೃದಯ, ಅಂದರೆ ಶುರುವಿನ ಬಂಡವಾಳದಲ್ಲಿ ಅರ್ಧ. ಮಡಕೆ ಒಡೆದಾಗ ಒಳಗಿನಿಂದ ಹಾವೋ ಜೇಡವೋ ಬರಬಹುದು, ಆದ್ದರಿಂದ ಕಾಲ ಬುಡದಲ್ಲಿ ಒಡೆಯಬೇಡಿ. ನಿಮ್ಮ ಕೈಯ ಆಯುಧ ಚಾವಟಿ, ಬೀಸುವಾಗ ಅದು ಮೊದಲು ಹಿಂದಕ್ಕೆ ಹೋಗಿ ಆಮೇಲೆ ಮುಂದಕ್ಕೆ ಬರುತ್ತದೆ. ತಲೆಯ ಹಿಂದೆ ಬರುವ ಬಾವಲಿಗೆ ಆ ಹಿಂದಿನ ಬೀಸೇ ಸಾಕು.

ಇಷ್ಟೆಲ್ಲ ನಿಧಾನವಾಗಿ ಮಾಡು ಅಂತ ಆಟವೇ ಕಲಿಸುತ್ತದೆ, ಆಮೇಲೆ ನಿಧಾನ ಮಾಡಿದ್ದಕ್ಕೆ ಅದೇ ಆಟ ಭೂತ ಕಳಿಸುತ್ತದೆ. ಒಂದು ಹಂತದಲ್ಲಿ ಎರಡೂವರೆ ನಿಮಿಷ ದಾಟಿದರೆ ಭೂತ ಬರುತ್ತದೆ. ಅದು ಗೋಡೆ ಲೆಕ್ಕಿಸುವುದಿಲ್ಲ, ಮುಟ್ಟಿದರೆ ಸತ್ತಂತೆಯೇ. ನುರಿತವರು ಬೇಕಂತಲೇ ಅದನ್ನು ಕರೆಸಿ ರತ್ನಗಳ ಮೇಲೆ ಹಾಯಿಸುತ್ತಾರೆ, ರತ್ನವೆಲ್ಲ ವಜ್ರವಾಗುತ್ತದೆ. ನನಗೆ ಆ ಧೈರ್ಯ ಇಲ್ಲ. ನಮ್ಮ ಕಡೆಯವರಿಗೆ ಭೂತದ ಜತೆ ಹುಡುಗಾಟ ಆಡಲು ಮನಸ್ಸು ಬರುವುದಿಲ್ಲ, ಅಲ್ವಾ?

ಅದೇ ರೀತಿ ಕಾಳಿಯ ಬಲಿಪೀಠ. ಹೌದು, ಹೆಸರು ಕಾಳಿಯೇ. ಪ್ರಜ್ಞೆ ತಪ್ಪಿದವರನ್ನೋ ಸತ್ತವರನ್ನೋ ಅದರ ಮೇಲೆ ಇಟ್ಟರೆ ದೇವಿ ಮೆಚ್ಚಿ ಏನಾದರೂ ಕೊಡುತ್ತಾಳೆ. ಪೀಠಕ್ಕೆ ಬಾಂಬ್ ಇಟ್ಟರೆ ಶಿಕ್ಷೆ. ರಕ್ತ ಕೂಡಿಡುವ ಕಪಾಲ ಸಿಕ್ಕಿದರೆ ಆಟ ಎಷ್ಟೋ ಸುಲಭವಾಗುತ್ತದೆ ಅಂತ ಗೊತ್ತು. ಆದರೂ ನಾನು ಅಲ್ಲಿ ನಾಯಿಯನ್ನು ಇಟ್ಟಿಲ್ಲ, ಇಡುವುದೂ ಇಲ್ಲ. ಇದರಿಂದ ನನ್ನ ಆಟಕ್ಕೆ ನಷ್ಟವೇ. ಇರಲಿ.

ಮತ್ತೆ ಅಂಗಡಿಯವನಿಗೆ ಬರೋಣ. ಅವನನ್ನು ಕಂಡರೆ ಮೈ ಉರಿಯುತ್ತಿದ್ದ ದಿನಗಳಲ್ಲಿ ಒಮ್ಮೆ ಹೀಗಾಯಿತು. ಬಂಡೆ ಅವನ ಗೋಡೆ ಒಡೆಯಿತು, ಅವ ಎಂದಿನಂತೆ ಹಾರಿಬಂದ. ನಾನು ಅಂಚಿನಲ್ಲಿ ನೇತಾಡುತ್ತಿದ್ದೆ. ಅವ ಸಿಟ್ಟಿನಲ್ಲಿ ಕುಪ್ಪಳಿಸುತ್ತಾ ಬಂದು, ನನ್ನ ತಲೆ ಮೇಲಿಂದ ದಾಟಿ, ಕೆಳಗಿನ ಮುಳ್ಳಿನ ಮೇಲೆ ಬಿದ್ದು ಸತ್ತ. ಬಂದೂಕು ಪಕ್ಕದಲ್ಲಿ ಬಿದ್ದಿತ್ತು. ಎತ್ತಿಕೊಂಡೆ. ಅಂಗಡಿಯ ಸಾಮಾನೆಲ್ಲ ನನ್ನದೇ. ನಕ್ಕದ್ದು ಕೇಳಿ ಹೆಂಡತಿ ಬಾಗಿಲಿಗೆ ಬಂದು ನೋಡಿ ಹೋದಳು.

ಅಲ್ಲಿಂದ ಈ ಆಟವನ್ನು ನೋಡುವ ರೀತಿ ಬೇರೆಯಾಯಿತು. ಇಲ್ಲಿ ಯಾರಿಗೂ ವಿಶೇಷ ರಿಯಾಯಿತಿ ಇಲ್ಲ. ನನಗೆ ಮುಳ್ಳು ಚುಚ್ಚಿದರೆ ಅವನಿಗೂ ಚುಚ್ಚುತ್ತದೆ. ಬಾವಲಿ ಅಡ್ಡ ಹಾರಿದರೂ ಬಾಣ ಬರುತ್ತದೆ. ನಾನು ಹೊತ್ತ ನಾಯಿಗೂ ಬಾಣ ತಾಗುತ್ತದೆ. ಹಾಗಾದರೆ ಬಂಡೆ ಗೋಡೆ ಒಡೆದದ್ದಕ್ಕೆ ನನ್ನ ಮೇಲೆ ಸಿಟ್ಟು ಯಾಕೆ? ಆ ಒಂದು ದೂರು ಈಗಲೂ ಉಂಟು. ಆದರೆ ಅದು ಗೊತ್ತಿದ್ದರೆ ಮೂರ್ತಿ ಎತ್ತುವ ಮೊದಲು ಬಂಡೆ ಯಾವ ಕಡೆಗೆ ಉರುಳುತ್ತದೆ, ಆ ದಾರಿಯಲ್ಲಿ ಅಂಗಡಿ ಉಂಟಾ ಅಂತ ನೋಡಬಹುದು. ಅಂಗಡಿ ಇದ್ದರೆ ಮೊದಲು ಅಲ್ಲಿಗೆ ಹೋಗಿ ಬೇಕಾದದ್ದು ಕೊಂಡುಕೊಳ್ಳಿ, ಆಮೇಲೆ ಮೂರ್ತಿ. ಅಂಗಡಿಯ ಹತ್ತಿರ ಬಾಂಬ್ ಹಚ್ಚಲೇಬೇಡಿ, ಪಿಕ್ಕಾಸಿನಿಂದ ಅಗೆಯಲೂ ಬೇಡಿ.

ಅಂಗಡಿಯವರ ಜತೆ ಚೆನ್ನಾಗಿರಲು ಇನ್ನೊಂದು ಕಾರಣ ಇದೆ. ಗುಹೆಯ ಮೊದಲ ಭಾಗವಾದ ಗಣಿಯಲ್ಲಿ ಬೀಗದ ಪೆಟ್ಟಿಗೆಯಿಂದ ಉಜಾತ್ ಕಣ್ಣು ಸಿಕ್ಕಿದರೆ ಕಾಡಿನಲ್ಲಿ ಅಡಗಿದ ಕಾಳಸಂತೆಯ ದಾರಿ ತಿಳಿಯುತ್ತದೆ. ಅಲ್ಲಿ ಸಾಲು ಸಾಲು ಅಂಗಡಿ. ಸತ್ತರೆ ಒಮ್ಮೆ ಬದುಕಿಸುವ ಆಂಖ್ ಅಲ್ಲೇ ಸಿಗುವುದು, ಬೆಲೆ ಆಟದ ಹಣದಲ್ಲಿ 50,000. ಚಿನ್ನದ ಪಟ್ಟಣ, ನರಕ ಅನ್ನುವ ಗುಟ್ಟಿನ ಜಾಗಗಳ ದಾರಿ ಅದರಿಂದಲೇ. ಅಂಗಡಿಯವರ ಸಿಟ್ಟು ಹೊತ್ತುಕೊಂಡು ಅಲ್ಲಿಗೆ ಇಳಿದರೆ ಎಲ್ಲಾ ಕಡೆಯಿಂದ ಗುಂಡು.

ಗಣಿ ದಾಟಿದ ಮೇಲೆ ಬರುವ ಕಾಡು, ಹಿಮದ ಗುಹೆ, ದೇವಾಲಯದ ಬಗ್ಗೆ ಹೆಚ್ಚು ಹೇಳುವುದಿಲ್ಲ. ಕಾಡಿನಲ್ಲಿ ಮನುಷ್ಯರನ್ನು ನುಂಗುವ ಗಿಡದ ಹತ್ತಿರ ಹೋಗಬೇಡಿ, ಅದಕ್ಕೆ ಹೃದಯದ ಲೆಕ್ಕವೇ ಇಲ್ಲ. ಹಿಮದಲ್ಲಿ ಕೆಳಗೆ ತಳವೇ ಇಲ್ಲ, ಹಗ್ಗ ಉಳಿಸಿಕೊಳ್ಳಿ. ದೇವಾಲಯದ ಕೊನೆಯಲ್ಲಿ ಬರುವ ವೈರಿ ಓಲ್ಮೆಕ್ ದೊಡ್ಡ ಕಲ್ಲಿನ ತಲೆ, ಅದನ್ನು ಹೊಡೆದು ಕೊಲ್ಲುವುದಲ್ಲ. ನಿಮ್ಮನ್ನು ಜಜ್ಜಲು ಹೋಗಿ ಅದೇ ನೆಲ ಒಡೆದುಕೊಂಡು ಲಾವಾಕ್ಕೆ ಬೀಳುವಂತೆ ಮಾಡಬೇಕು. ನಡುನಡುವೆ ಸುರಂಗ ತೋಡುವವ ಒಬ್ಬ ಸಿಗುತ್ತಾನೆ, ಅವನಿಗೆ ಕೇಳಿದ್ದೆಲ್ಲ ಕೊಟ್ಟರೆ ಮುಂದಿನ ಜಾಗಕ್ಕೆ ಅಡ್ಡದಾರಿ ಮಾಡಿಕೊಡುತ್ತಾನೆ. ಅಭ್ಯಾಸಕ್ಕೆ ಒಳ್ಳೆಯದು. ಆದರೆ ಬರೀ 4 ಬಾಂಬ್, 4 ಹಗ್ಗ ಹಿಡಿದು ನೇರ ದೇವಾಲಯಕ್ಕೆ ಇಳಿದರೆ ಜಾಸ್ತಿ ಹೊತ್ತು ಉಳಿಯುವುದಿಲ್ಲ.

ಈ ಆಟವನ್ನು ನಾನು ಇನ್ನೂ ಬಿಡದಿರಲು ಕಾರಣ ದಿನದ ಸವಾಲು. ಪ್ರತಿ ದಿನ ಒಂದು ಹೊಸ ಗುಹೆ, ಲೋಕದಲ್ಲಿ ಎಲ್ಲರಿಗೂ ಅದೇ ಗುಹೆ, ದಿನಕ್ಕೆ ಒಂದೇ ಅವಕಾಶ. ಅಕ್ಕನ ಮಗ ದುಬೈಯಲ್ಲಿದ್ದಾನೆ. ಅವನಿಗೂ ಇದರ ಹುಚ್ಚು. ನಮ್ಮ ನಿಯಮ ಇಷ್ಟೇ: ಇಬ್ಬರೂ ಆಡಿ ಮುಗಿಸುವವರೆಗೆ ಒಂದಕ್ಷರ ಮಾತಾಡುವ ಹಾಗಿಲ್ಲ. ಆಡಿದವರು ವಾಟ್ಸಾಪ್‌ನಲ್ಲಿ ಬರೀ ಒಂದು ಚುಕ್ಕೆ ಹಾಕಬೇಕು. ಎರಡು ಚುಕ್ಕೆ ಬಿದ್ದ ಮೇಲೆ ಫೋನ್.

"ಮಾಮ, ನೀವು ಆ ಎಡಬದಿಯ ಹಾವಿನ ಗುಂಡಿಗೆ ಇಳಿದ್ರಾ? ಕೆಳಗೆ ಪಿಕ್ಕಾಸು ಇತ್ತು."

"ಇಲ್ಲ ಮಾರಾಯ. ಅದರ ಮೊದಲೇ ಅಂಗಡಿಯವ ಮುಗಿಸಿದ."

"ಪುನಃ ಮೂರ್ತಿ ಎತ್ತಿದ್ರಾ?"

"ಮೂರ್ತಿ ಅಲ್ಲ. ಬಾಂಬ್ ಸ್ವಲ್ಪ ಹತ್ತಿರ ಆಯಿತು."

ಮೊದಲೆಲ್ಲ ಅವನ ಫೋನ್ ಅಂದರೆ ಊಟ ಆಯ್ತಾ, ಅಲ್ಲಿ ಸೆಕೆ ಹೇಗೆ, ಅಮ್ಮನ ಮಂಡಿನೋವು ಹೇಗೆ, ಅಷ್ಟಕ್ಕೆ ಮುಗಿಯುತ್ತಿತ್ತು. ಈಗ ಒಂದೇ ಗುಹೆಯಲ್ಲಿ ಇಬ್ಬರೂ ಓಡಾಡಿ ಬಂದಿರುತ್ತೇವೆ. ಮಾತು ನಿಲ್ಲುವುದೇ ಇಲ್ಲ. ಅಕ್ಕ ನಡುವೆ ಫೋನ್ ಕೇಳಿದರೆ ಅವನು "ಒಂದು ನಿಮಿಷ ಅಮ್ಮ" ಅನ್ನುತ್ತಾನೆ.

ಒಂದು ತೊಂದರೆ ಹೇಳದೆ ಇದ್ದರೆ ತಪ್ಪಾಗುತ್ತದೆ. ನಡುವೆ ನಿಲ್ಲಿಸಿ ನಾಳೆ ಮುಂದುವರಿಸುವ ಸೌಲಭ್ಯ ಇಲ್ಲ. ಆಟ ಮುಚ್ಚಿದರೆ ಆ ಸಲ ಅಲ್ಲಿವರೆಗೆ ಆಡಿದ್ದೆಲ್ಲ ಹೋಯಿತು. ಗಾಳಿಮಳೆಗೆ ಮರ ಬಿದ್ದು ಕರೆಂಟ್ ಹೋಗುವುದು ನಮಗೆ ಹೊಸತಲ್ಲ. ಲ್ಯಾಪ್‌ಟಾಪ್‌ನ ಬ್ಯಾಟರಿ ಸತ್ತಿದ್ದರೆ ಕಾಳಸಂತೆಯ ಬಾಗಿಲಲ್ಲೇ ಕತ್ತಲೆ. ನಾನು ಕೊನೆಗೆ ಹೊಸ ಬ್ಯಾಟರಿ ಹಾಕಿಸಿದೆ. ಅದರ ಬೆಲೆಯಲ್ಲಿ ಈ ಆಟವನ್ನು ಹಲವು ಸಲ ಕೊಳ್ಳಬಹುದಿತ್ತು. ಮನೆಯಲ್ಲಿ ಕಾರಣ ಕೇಳಿದಾಗ ಆಫೀಸಿನ ಕೆಲಸಕ್ಕೆ ಅಂದೆ. ಅರ್ಧ ನಿಜ.

2020ರಲ್ಲಿ ಬಂದ ಎರಡನೇ ಭಾಗವನ್ನು ಅಳಿಯ ಕೊಂಡಿದ್ದಾನೆ. ಅದರಲ್ಲಿ ಟರ್ಕಿ ಕೋಳಿಯ ಮೇಲೆ ಸವಾರಿ ಮಾಡಬಹುದು, ಭೂತ ಬರಲು ಮೂರು ನಿಮಿಷ ಅಂತೆ. ನನ್ನ ಲ್ಯಾಪ್‌ಟಾಪ್‌ಗೆ ಅದು ಬೇಡ, ನನಗೂ ಸದ್ಯಕ್ಕೆ ಬೇಡ.

ಕೊಳ್ಳುವವರಿಗೆ ಎರಡು ಮಾತು. ಕೀಬೋರ್ಡ್‌ನಲ್ಲಿ ಆಡಬಹುದು, ಆದರೆ ಕಂಟ್ರೋಲರ್ ಇದ್ದರೆ ಬೆರಳಿಗೆ ಹಿತ. ಒಂದೇ ಪರದೆಯಲ್ಲಿ ನಾಲ್ವರವರೆಗೆ ಸೇರಿ ಆಡುವ ವ್ಯವಸ್ಥೆಯೂ ಉಂಟು. ಅಳಿಯ ರಜೆಗೆ ಬಂದಾಗ ನಾವು ಆಡಿ ನೋಡಿದೆವು. ನನ್ನ ಚಾವಟಿ ಅವನಿಗೆ ತಾಗುತ್ತದೆ, ಅವನ ಬಾಂಬ್ ನನಗೆ ಸಿಡಿಯುತ್ತದೆ. ಒಬ್ಬ ಅಂಗಡಿಯವನನ್ನು ಕೆಣಕಿದರೆ ಗುಂಡು ಇಬ್ಬರಿಗೂ. ಸತ್ತವ ಸಣ್ಣ ಪ್ರೇತವಾಗಿ ಹಾರಾಡುತ್ತಾ ಉಫ್ ಅಂತ ಊದಿ, ಬದುಕಿರುವವನನ್ನೂ ಮುಳ್ಳಿನ ಕಡೆಗೆ ತಳ್ಳುತ್ತಾನೆ. ಅಕ್ಕ ಊಟಕ್ಕೆ ಕರೆಯುವಷ್ಟರಲ್ಲಿ ನಾವು ಮಾತು ಬಿಟ್ಟಿದ್ದೆವು. ಎರಡನೇ ಕಂಟ್ರೋಲರ್‌ಗೆ ಹಣ ಹಾಕಬೇಡಿ.